ಖಾಲಿ ಕೋಣೆಯ ನೃತ್ಯ: ಕನಜಾವಾದ ಗೇಶಾ ಮನೆಯನ್ನು ನೋಡುವ ಬಗೆ

ಜಪಾನಿನ ಇಶಿಕಾವಾ ಪ್ರಾಂತ್ಯದ ಕನಜಾವಾ ನಗರದಲ್ಲಿ ಅಸಾನೊ ನದಿಯ ಆಚೆ ದಡಕ್ಕೆ ದಾಟಿ ಕೆಲವು ನಿಮಿಷ ನಡೆದರೆ ಹಿಗಾಶಿ ಚಾಯ ಎಂಬ ಕೇರಿ ಸಿಗುತ್ತದೆ. ‘ಹಿಗಾಶಿ’ ಎಂದರೆ ಪೂರ್ವ, ‘ಚಾಯ’ ಎಂದರೆ ಚಹಾದ ಮನೆ. ಕಲ್ಲು ಹಾಸಿದ ಬೀದಿಯ ಎರಡೂ ಬದಿಗೆ, ಕೆಳಗೆ ಮರದ ಜಾಲರಿಯೂ ಮೇಲೆ ಎತ್ತರದ ಉಪ್ಪರಿಗೆಯೂ ಇರುವ ಮನೆಗಳು ಒತ್ತೊತ್ತಾಗಿ ನಿಂತಿವೆ. ಅವುಗಳಲ್ಲಿ ಒಂದರ ಹೆಸರು ಶಿಮಾ. 1820ರಲ್ಲಿ ಕಟ್ಟಿದ ಈ ಮನೆ ಹೆಚ್ಚಿನ ಮಾರ್ಪಾಡಿಗೆ ಒಳಗಾಗದೆ ಉಳಿದುಬಂದಿದೆ. 2003ರಲ್ಲಿ ಜಪಾನ್ ಸರ್ಕಾರ ಇದನ್ನು ಪ್ರಮುಖ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು; ಈಗ ಇದು ಯಾರು ಬೇಕಾದರೂ ಟಿಕೆಟ್ ಕೊಂಡು ಒಳಹೊಕ್ಕು ನೋಡಬಹುದಾದ ವಸ್ತುಸಂಗ್ರಹಾಲಯ. ಅದೇ ಬೀದಿಯಲ್ಲಿರುವ ಕೈಕಾರೊ ಎಂಬ ಮನೆಯೂ ಅಷ್ಟೇ ಹಳೆಯದು. ಅದು ಹಗಲಿನಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯುತ್ತದೆ, ರಾತ್ರಿಯಲ್ಲಿ ಇಂದಿಗೂ ಗೇಶಾ ಕಲಾವಿದೆಯರ ಹಾಡು ನೃತ್ಯಗಳಿಂದ ಅತಿಥಿಗಳನ್ನು ರಂಜಿಸುವ ತನ್ನ ಹಳೆಯ ಕಸುಬನ್ನೇ ನಡೆಸುತ್ತದೆ.

ಇಂಥ ಮನೆಯನ್ನು ಮೊದಲ ಸಲ ನೋಡುವವರಿಗೆ ಸಣ್ಣ ನಿರಾಸೆಯಾಗುವುದು ಸಹಜ. ಒಳಗೆ ಇರುವುದು ಹೆಚ್ಚಾಗಿ ಖಾಲಿ ಕೋಣೆಗಳು, ನೆಲಕ್ಕೆ ಹಾಸಿದ ತತಾಮಿ ಚಾಪೆ, ಸರಿಸುವ ಬಾಗಿಲುಗಳು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಬಾಚಣಿಗೆ ಮತ್ತು ಮುಡಿಗಡ್ಡಿಗಳು. ಆದರೆ ಈ ಮನೆಯ ಒಂದೊಂದು ಗೋಡೆಯನ್ನೂ ಒಂದು ಸಂಜೆಯ ಹಾಡು, ನೃತ್ಯ, ಮಾತುಕತೆಗಾಗಿಯೇ ಯೋಚಿಸಿ ಕಟ್ಟಲಾಗಿದೆ ಎಂಬುದು ತಿಳಿದರೆ ಖಾಲಿ ಕೋಣೆಗಳಿಗೂ ಅರ್ಥ ಬರುತ್ತದೆ. ಗೇಶಾ ಕಲೆಯನ್ನು ಅರಿಯಲು ಗೇಶಾಳ ಬಿಳಿ ಬಣ್ಣ ಬಳಿದ ಮುಖಕ್ಕಿಂತ ಅವಳು ಕುಣಿಯುವ ಕೋಣೆಯೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ಗೇ’ ಎಂದರೆ ಕಲೆ, ‘ಶಾ’ ಎಂದರೆ ವ್ಯಕ್ತಿ. ಗೇಶಾ ಎಂದರೆ ಕಲಾವಿದೆ ಎಂದಷ್ಟೇ ಅರ್ಥ. ಕ್ಯೋಟೊದಲ್ಲಿ ಇವರನ್ನು ಗೇಕೊ ಎಂದೂ, ಇನ್ನೂ ಕಲಿಯುತ್ತಿರುವ ಹುಡುಗಿಯರನ್ನು ಮೈಕೊ ಎಂದೂ ಕರೆಯುತ್ತಾರೆ. ಕನಜಾವಾದಲ್ಲಿ ಬಳಕೆಯಲ್ಲಿರುವ ಪದ ಗೇಗಿ. ನಾವು ‘ಗೇಶಾ ಮನೆ’ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ನಿಜಕ್ಕೂ ಬೇರೆ ಬೇರೆ ಸಂಸ್ಥೆಗಳು ಅಡಗಿವೆ. ಕಲಾವಿದೆಯರು ವಾಸವಾಗಿರುವ, ಹೊಸಬರನ್ನು ಸಾಕಿ, ಉಡುಪು ಕೊಟ್ಟು, ತರಬೇತಿಯ ಖರ್ಚು ಹೊರುವ ಮನೆ ಒಕಿಯ. ಅತಿಥಿಗಳು ಬಂದು ಕುಳಿತು ಕಾರ್ಯಕ್ರಮ ನೋಡುವ ಮನೆ ಒಚಾಯ. ಯಾವ ಕಲಾವಿದೆ ಯಾವ ಸಂಜೆ ಎಲ್ಲಿಗೆ ಹೋಗುತ್ತಾಳೆ, ಎಷ್ಟು ಹೊತ್ತು ಇರುತ್ತಾಳೆ ಎಂಬ ಲೆಕ್ಕವಿಟ್ಟು, ಅಭ್ಯಾಸದ ತರಗತಿಗಳನ್ನೂ ನಡೆಸುವ ಕೇರಿಯ ಕಚೇರಿ ಕೆನ್‌ಬನ್. ಕ್ಯೋಟೊದಲ್ಲಿ ಈ ವಿಂಗಡಣೆ ಸ್ಪಷ್ಟವಾಗಿ ಕಾಣುತ್ತದೆ. ಬೇರೆ ಊರುಗಳಲ್ಲಿ ಒಂದೇ ಮನೆ ಎರಡು ಕೆಲಸ ಮಾಡುವುದೂ ಉಂಟು. ಶಿಮಾ ಮತ್ತು ಕೈಕಾರೊ ಒಚಾಯಗಳು. ಹೆಸರಿನಲ್ಲಿ ಚಹಾ ಇದ್ದರೂ ಅವು ಚಹಾದ ಅಂಗಡಿಗಳಲ್ಲ.

ಒಚಾಯದ ಯಜಮಾನಿಗೆ ಒಕಾಮಿ ಎನ್ನುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಅವಳ ನೆನಪಿನ ಶಕ್ತಿಯ ಮೇಲೆ. ಯಾವ ಅತಿಥಿಗೆ ಯಾವ ಊಟ ಇಷ್ಟ, ಯಾರ ಹಾಡು ಇಷ್ಟ, ಯಾರ ಎದುರು ಯಾರನ್ನು ಕೂರಿಸಬಾರದು ಎಂಬುದೆಲ್ಲ ಅವಳಿಗೆ ಗೊತ್ತಿರಬೇಕು. ಅತಿಥಿ ಸಂಜೆಯ ಕೊನೆಗೆ ಕಿಸೆಯಿಂದ ಹಣ ತೆಗೆಯುವುದಿಲ್ಲ. ಕಲಾವಿದೆಯರ ಸಂಭಾವನೆ, ಹೊರಗಿನಿಂದ ತರಿಸಿದ ಊಟ, ಹಿಂದಿರುಗುವ ವಾಹನದ ಬಾಡಿಗೆ ಎಲ್ಲವನ್ನೂ ಒಚಾಯವೇ ಮೊದಲು ತೆತ್ತು, ಆಮೇಲೆ ಲೆಕ್ಕ ಕಳುಹಿಸುವುದು ಹಳೆಯ ಕ್ರಮ. ಹೀಗೆ ಸಾಲದ ಮೇಲೆ ನಡೆಯುವ ವ್ಯವಹಾರದಲ್ಲಿ ಅಪರಿಚಿತನಿಗೆ ಜಾಗವಿರುವುದು ಕಷ್ಟ. ಆದ್ದರಿಂದಲೇ, ಪರಿಚಯಸ್ಥರ ಶಿಫಾರಸಿಲ್ಲದೆ ಮೊದಲ ಸಲ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ಕಟ್ಟಳೆ ಬಂತು. ‘ಇಚಿಗೆನ್-ಸಾನ್ ಒಕೊತೊವಾರಿ’ ಎಂದು ಅದನ್ನು ಹೇಳುತ್ತಾರೆ. ಇದನ್ನು ಬರೀ ಜಂಬವೆಂದು ತಿಳಿಯುವುದು ತಪ್ಪು. ಕರೆತಂದವನು ಹೊಸಬನ ಸಾಲಕ್ಕೂ ನಡತೆಗೂ ಹೊಣೆಗಾರನಾಗುತ್ತಾನೆ ಎಂಬುದೇ ಅದರ ತಿರುಳು.

ಸಂಭಾವನೆಗೆ ಇರುವ ಹಳೆಯ ಹೆಸರುಗಳು ಎರಡು. ‘ಹನಾದಾಯ್’ ಎಂದರೆ ಹೂವಿನ ಹಣ, ‘ಸೆಂಕೊದಾಯ್’ ಎಂದರೆ ಊದುಬತ್ತಿಯ ಹಣ. ಗಡಿಯಾರ ಸಾಮಾನ್ಯವಾಗುವ ಮೊದಲು ಊದುಬತ್ತಿ ಹಚ್ಚಿಟ್ಟು, ಕಲಾವಿದೆ ಕೋಣೆಯಲ್ಲಿ ಇದ್ದ ಹೊತ್ತಿನಲ್ಲಿ ಎಷ್ಟು ಬತ್ತಿಗಳು ಉರಿದವು ಎಂದು ಎಣಿಸಿ ಲೆಕ್ಕ ಹಾಕುತ್ತಿದ್ದರು. ಬತ್ತಿಯ ಎಣಿಕೆ ಹೋಗಿ ಗಡಿಯಾರ ಬಂದರೂ ಪದ ಮಾತ್ರ ಉಳಿದುಕೊಂಡಿದೆ.

ಈಗ ಮನೆಯ ಎದುರು ನಿಂತು ನೋಡೋಣ. ಮುಂಭಾಗದ ತೆಳುವಾದ ಮರದ ಪಟ್ಟಿಗಳ ಜಾಲರಿಗೆ ಕನಜಾವಾದಲ್ಲಿ ಕಿಮುಸುಕೊ ಎಂಬ ಹೆಸರಿದೆ. ಬರೆಯುವ ಅಕ್ಷರಗಳ ಪ್ರಕಾರ ಅದರ ಅರ್ಥ ಮರದ ಕೀಟಪಂಜರ. ಪ್ರತಿ ಪಟ್ಟಿಯ ಹೊರಮುಖ ಅಗಲವಾಗಿಯೂ ಒಳಮುಖ ಕಿರಿದಾಗಿಯೂ ಇರುವಂತೆ ಅದನ್ನು ಕೆತ್ತಿರುತ್ತಾರೆ. ಹೀಗಾಗಿ ಬೀದಿಯಲ್ಲಿ ನಿಂತವನಿಗೆ ಒಳಗಿನದು ಸುಲಭವಾಗಿ ಕಾಣುವುದಿಲ್ಲ, ಒಳಗೆ ಕುಳಿತವನಿಗೆ ಬೀದಿ ಚೆನ್ನಾಗಿ ಕಾಣುತ್ತದೆ. ತಲೆಯೆತ್ತಿ ನೋಡಿದರೆ ಮೇಲಂತಸ್ತು ಅಸಹಜವೆನಿಸುವಷ್ಟು ಎತ್ತರವಾಗಿದೆ. ಶೋಗುನ್ ಎಂಬ ಸೇನಾಧಿಪತಿಗಳು ಎದೊ ಪಟ್ಟಣದಿಂದ (ಇಂದಿನ ಟೋಕಿಯೊ) ದೇಶವಾಳುತ್ತಿದ್ದ ಎದೊ ಕಾಲದಲ್ಲಿ (1603–1868) ಊರಿನ ಸಾಮಾನ್ಯ ಮನೆಗಳು ಎತ್ತರದ ಉಪ್ಪರಿಗೆ ಕಟ್ಟುವಂತಿರಲಿಲ್ಲ. ಚಾಯಗಳಿಗೆ ಮಾತ್ರ ಆ ರಿಯಾಯಿತಿ ಇತ್ತು. ಅತಿಥಿಗಳು ಕೂರುವುದು ಮೇಲೆಯೇ ಆದುದರಿಂದ ಮನೆಯ ಶೋಭೆಯೆಲ್ಲ ಮೇಲಂತಸ್ತಿಗೆ ಸೇರಿದೆ.

ಬಾಗಿಲಲ್ಲಿ ಪಾದರಕ್ಷೆ ಕಳಚಿ ಮೆಟ್ಟಿಲು ಹತ್ತಿ ಮೇಲೆ ಬಂದರೆ, ಒಂದರ ಪಕ್ಕ ಒಂದು ಕೋಣೆ. ಎರಡು ಕೋಣೆಗಳ ನಡುವೆ ಗೋಡೆಗಿಂತ ಹೆಚ್ಚಾಗಿ ಫುಸುಮಾ ಎಂಬ, ಕಾಗದ ಹೊದಿಸಿದ ಸರಿಸುವ ಬಾಗಿಲುಗಳಿವೆ. ಒಂದು ವಿಷಯವನ್ನು ಗಮನಿಸಬೇಕು: ಸಾಮಾನ್ಯ ಜಪಾನಿ ಮನೆಯ ಕೋಣೆಯಲ್ಲಿ ಹಾಸಿಗೆ ಮಡಿಚಿಡಲು ಗೋಡೆಯೊಳಗಿನ ಕಪಾಟು ಇದ್ದೇ ಇರುತ್ತದೆ, ಇಲ್ಲಿ ಅದು ಇಲ್ಲ. ಇದು ಆಡಿ ಹಾಡಿ ನಲಿಯುವ ಸ್ಥಳವೇ ಹೊರತು ಗುಟ್ಟಾಗಿ ಸೇರುವ ಸ್ಥಳವಲ್ಲವಾದ್ದರಿಂದ ಕಪಾಟು ಕಟ್ಟಲಿಲ್ಲ ಎಂದು ಶಿಮಾದಲ್ಲಿ ವಿವರಣೆ ಕೊಡುತ್ತಾರೆ. ಹಾಸಿಗೆ ಇಡುವ ಜಾಗವೇ ಇಲ್ಲದ ಕೋಣೆ ಮಲಗುವ ಕೋಣೆಯಾಗಿರಲು ಸಾಧ್ಯವಿಲ್ಲ. ಗೇಶಾ ಕುರಿತು ಹೊರಜಗತ್ತಿನಲ್ಲಿ ಹಬ್ಬಿರುವ ತಪ್ಪು ಕಲ್ಪನೆಗೆ ವಾಸ್ತುವೇ ಕೊಡುವ ಉತ್ತರ ಇದು.

ಅತಿಥಿಗಳ ಕೋಣೆಗೆ ಝಾಶಿಕಿ ಎನ್ನುತ್ತಾರೆ. ಅದರ ಒಂದು ಬದಿಗೆ ತೊಕೊನೊಮಾ ಎಂಬ ತುಸು ಎತ್ತರಿಸಿದ ಗೂಡು, ಅದರಲ್ಲಿ ಚಿತ್ರದ ಸುರುಳಿ ಅಥವಾ ಒಂದು ಹೂವು. ಗೌರವದ ಅತಿಥಿ ತೊಕೊನೊಮಾಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಅವನ ಕಣ್ಣಿಗೆ ನೇರವಾಗಿ ಬೀಳುವುದು ಎದುರಿನ ಮುಚ್ಚಿದ ಫುಸುಮಾ. ಆ ಬಾಗಿಲಿನ ಹಿಂದೆ ಇನ್ನೊಂದು ಚಿಕ್ಕ ಕೋಣೆಯಿದೆ. ಅದರ ಹೆಸರು ಹಿಕಾಯೆ-ನೊ-ಮಾ, ಕಾಯುವ ಕೋಣೆ. ಮಾತು, ಪಾನ, ಊಟ ಒಂದು ಹದಕ್ಕೆ ಬಂದಾಗ ಆ ಬಾಗಿಲು ಎರಡೂ ಕಡೆಗೆ ಸರಿಯುತ್ತದೆ, ಕಾಯುವ ಕೋಣೆಯೇ ರಂಗವಾಗುತ್ತದೆ. ನಮ್ಮಲ್ಲಿ ಪರದೆ ಹಿಡಿದು ಪಾತ್ರವನ್ನು ಪ್ರವೇಶ ಮಾಡಿಸುವ ಯಕ್ಷಗಾನದ ಕ್ರಮವನ್ನು ಬಲ್ಲವರಿಗೆ ಆ ಕ್ಷಣದ ಬೆಲೆ ತಟ್ಟನೆ ತಿಳಿಯುತ್ತದೆ. ರಂಗ ಮತ್ತು ಪ್ರೇಕ್ಷಕರ ನಡುವೆ ಎತ್ತರದ ವ್ಯತ್ಯಾಸವಿಲ್ಲ, ದೂರವೂ ಇಲ್ಲ. ಇಬ್ಬರೂ ಒಂದೇ ಮಟ್ಟದ ತತಾಮಿಯ ಮೇಲಿರುತ್ತಾರೆ.

ಗೋಡೆಗಳ ಬಣ್ಣದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕನಜಾವಾದ ಚಾಯಗಳಲ್ಲಿ ಕಡುಗೆಂಪು ಗೋಡೆ ಎದ್ದು ಕಾಣುತ್ತದೆ. ಕಬ್ಬಿಣದ ತುಕ್ಕಿನಂಥ ಖನಿಜದಿಂದ ಬರುವ ಆ ಕೆಂಪಿಗೆ ಜಪಾನಿ ಭಾಷೆಯಲ್ಲಿ ಬೆಂಗರಾ ಎನ್ನುತ್ತಾರೆ; ಆ ಪದ ಹುಟ್ಟಿದ್ದು ನಮ್ಮ ಬಂಗಾಳದ ಹೆಸರಿನಿಂದ, ಆ ಬಣ್ಣ ಒಂದು ಕಾಲದಲ್ಲಿ ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದುದರಿಂದ. ಕೈಕಾರೊದಲ್ಲಿ ಕೆಂಪು ಅರಗಿನ ಮೆರುಗಿನ ಮೆಟ್ಟಿಲೂ ಚಿನ್ನದ ಎಳೆ ನೇಯ್ದ ತತಾಮಿಯ ಕೋಣೆಯೂ ಇವೆ. ಜಪಾನಿನಲ್ಲಿ ತಯಾರಾಗುವ ಚಿನ್ನದ ರೇಕಿನ ಬಹುತೇಕ ಪಾಲು ಈ ಒಂದೇ ನಗರದಿಂದ ಬರುವುದರಿಂದ ಅಲ್ಲಿ ಚಿನ್ನ ಕಾಣುವುದು ಆಶ್ಚರ್ಯವಲ್ಲ. ಆದರೂ ಶಿಮಾದ ಮಂದ ಬೆಳಕಿನ ಸರಳ ಕೋಣೆಯೇ ನನಗೆ ಹೆಚ್ಚು ಮಾತಾಡುವಂತೆ ಕಾಣುತ್ತದೆ. ಕೆಳಗೆ ಒಕಾಮಿಯ ಕೋಣೆ, ಕಲಾವಿದೆಯರು ಸಿದ್ಧರಾಗುತ್ತಿದ್ದ ಕೋಣೆ, ಪುಟ್ಟ ಅಂಗಳದ ತೋಟ, ಬಾವಿಯಿರುವ ಅಡುಗೆಮನೆ, ಪದಾರ್ಥಗಳು ಕೆಡದಂತೆ ತಂಪಾಗಿಡುವ ಕಲ್ಲಿನ ನೆಲಮಾಳಿಗೆ ಇವೆ.

ಇಂಥ ಕೇರಿ ಇಲ್ಲಿಯೇ ಏಕೆ ಬೆಳೆಯಿತು? ಕನಜಾವಾ, ಮಾಯೆದಾ ಮನೆತನದ ಅಧೀನದಲ್ಲಿದ್ದ ಕಾಗಾ ಸಂಸ್ಥಾನದ ಕೋಟೆಪಟ್ಟಣ. ಆ ಸಂಸ್ಥಾನದ ಉತ್ಪತ್ತಿಯನ್ನು ಹತ್ತು ಲಕ್ಷ ಕೊಕು ಅಕ್ಕಿಯೆಂದು ಎಣಿಸುತ್ತಿದ್ದರು; ಒಂದು ಕೊಕು ಎಂದರೆ ಒಬ್ಬ ವ್ಯಕ್ತಿ ವರ್ಷವಿಡೀ ಉಣ್ಣುವಷ್ಟು ಅಕ್ಕಿ ಎಂದು ಸ್ಥೂಲವಾಗಿ ತಿಳಿಯಬಹುದು. ಇಷ್ಟು ಶ್ರೀಮಂತಿಕೆಯಿದ್ದ ಮನೆತನ ಎದೊದ ಶೋಗುನನಿಗೆ ಅನುಮಾನ ಬರದಂತೆ ಸಂಪತ್ತನ್ನು ಸೈನ್ಯಕ್ಕೆ ಸುರಿಯದೆ ಕಲೆ ಕಸುಬುಗಳಿಗೆ ಸುರಿಯಿತು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಅರಸರು ಮುಖವಾಡ ತೊಟ್ಟು ಹಾಡು ನೃತ್ಯಗಳಲ್ಲಿ ಆಡುವ ನೋ ಎಂಬ ಹಳೆಯ ನಾಟಕದ ಹೋಶೊ ಶೈಲಿಗೆ ಆಶ್ರಯ ಕೊಟ್ಟರು, ಅದರ ಹಾಡುಗಾರಿಕೆ ಊರಿನ ಕುಶಲಕರ್ಮಿಗಳಿಗೂ ಹಬ್ಬಿತು. ಕನಜಾವಾದಲ್ಲಿ ಆಕಾಶದಿಂದ ಹಾಡು ಸುರಿಯುತ್ತದೆ ಎಂಬ ಮಾತು ಆ ಊರಲ್ಲಿ ಪ್ರಸಿದ್ಧ. ಏಣಿ ಹತ್ತಿ ಕೆಲಸ ಮಾಡುವ ತೋಟಗಾರನೂ ನೋ ಪದಗಳನ್ನು ಗುನುಗುತ್ತಿದ್ದನಂತೆ. ಝಾಶಿಕಿಯಲ್ಲಿ ಕುಳಿತ ವ್ಯಾಪಾರಿಗೂ ಹಾಡು, ವಾದ್ಯ, ಪದ್ಯಗಳ ಪರಿಚಯವಿತ್ತು. ಬಲ್ಲವನ ಎದುರು ಕುಣಿಯಬೇಕಾದಾಗ ಕಲೆ ಸಡಿಲವಾಗಲಾರದು.

ಊರಿನಲ್ಲಿ ಅಲ್ಲಲ್ಲಿ ಹರಡಿದ್ದ ಚಾಯಗಳನ್ನು 1820ರಲ್ಲಿ ಸಂಸ್ಥಾನವು ಅಂಚಿಗೆ ಸರಿಸಿ, ಅಸಾನೊ ನದಿಯ ಆಚೆ ಹಿಗಾಶಿಯನ್ನೂ ಸಾಯ್ ನದಿಯ ಆಚೆ ನಿಶಿ, ಅಂದರೆ ಪಶ್ಚಿಮದ ಕೇರಿಯನ್ನೂ ಅಧಿಕೃತವಾಗಿ ಸ್ಥಾಪಿಸಿತು. ಅಸಾನೊ ನದಿಯ ದಡದಲ್ಲೇ ಇರುವ ಕಜುಯೆಮಾಚಿ ಮೂರನೆಯ ಕೇರಿ. ಎರಡನೆಯ ಮಹಾಯುದ್ಧದಲ್ಲಿ ಕನಜಾವಾದ ಮೇಲೆ ಬಾಂಬು ಬೀಳದ ಕಾರಣ ಈ ಬೀದಿಗಳು ಉಳಿದವು. 2001ರಲ್ಲಿ ಹಿಗಾಶಿಯನ್ನೂ 2008ರಲ್ಲಿ ಕಜುಯೆಮಾಚಿಯನ್ನೂ ಸರ್ಕಾರ ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿತು.

ಈ ಚರಿತ್ರೆಯಲ್ಲಿ ಕತ್ತಲ ಭಾಗವೂ ಇದೆ, ಅದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಜಪಾನಿನಲ್ಲಿ ಗೇಶಾ ಎಂಬ ಹೆಸರಿನಿಂದ ಮೊದಲು ಕರೆಸಿಕೊಂಡವರು ವಿಲಾಸದ ಕೇರಿಗಳಲ್ಲಿ ರಂಜಿಸುತ್ತಿದ್ದ ಗಂಡಸರು. ಹದಿನೆಂಟನೆಯ ಶತಮಾನದ ನಡುವೆ ಹೆಂಗಸರು ಆ ವೃತ್ತಿಗೆ ಬಂದು, ಬೇಗನೆ ಅದನ್ನು ತಮ್ಮದಾಗಿಸಿಕೊಂಡರು. ಎದೊದ ಯೋಶಿವಾರಾ ಎಂಬ ವಿಲಾಸದ ಕೇರಿಯಲ್ಲಿ 1779ರಲ್ಲಿ ಕೆನ್‌ಬನ್ ಸ್ಥಾಪನೆಯಾದಾಗ, ಗೇಶಾ ಬೇರೆ, ವೇಶ್ಯಾವೃತ್ತಿಯವರು ಬೇರೆ ಎಂದು ನಿಯಮ ಮಾಡಿದರು. ನಿಯಮ ಹೀಗಿದ್ದರೂ ಬಡ ತಂದೆತಾಯಿಯರು ಮುಂಗಡ ಹಣ ಪಡೆದು ಚಿಕ್ಕ ಹೆಣ್ಣುಮಕ್ಕಳನ್ನು ಮನೆಗಳಿಗೆ ಒಪ್ಪಿಸುವುದು, ಆ ಸಾಲ ತೀರಿಸಲು ಹುಡುಗಿ ವರ್ಷಗಟ್ಟಲೆ ದುಡಿಯುವುದು ಎಲ್ಲೆಡೆ ನಡೆಯುತ್ತಿತ್ತು. ಹಲವು ಊರುಗಳಲ್ಲಿ ಎರಡೂ ವೃತ್ತಿಗಳು ಒಂದೇ ಕೇರಿಯಲ್ಲಿದ್ದವು. 1872ರ ಸರ್ಕಾರಿ ಆಜ್ಞೆ ಅವರನ್ನು ಈ ಜೀತದಿಂದ ಬಿಡುಗಡೆ ಮಾಡಿತಾದರೂ ಸಾಲದ ಕಟ್ಟು ಬೇರೆ ರೂಪದಲ್ಲಿ ಮುಂದುವರಿಯಿತು. 1944ರಲ್ಲಿ ಯುದ್ಧದ ಕಾರಣಕ್ಕೆ ಈ ಮನೆಗಳನ್ನು ಮುಚ್ಚಿಸಿ ಅನೇಕ ಕಲಾವಿದೆಯರನ್ನು ಕಾರ್ಖಾನೆಗಳಿಗೆ ಕಳುಹಿಸಲಾಯಿತು. ವೇಶ್ಯಾವೃತ್ತಿ ತಡೆ ಕಾನೂನು 1958ರಲ್ಲಿ ಪೂರ್ಣವಾಗಿ ಜಾರಿಯಾದಾಗ ಪರವಾನಗಿಯ ವೇಶ್ಯಾಕೇರಿಗಳು ಮುಚ್ಚಿದವು, ಕಲೆಯನ್ನು ನಂಬಿದ್ದ ಗೇಶಾ ವೃತ್ತಿ ಉಳಿಯಿತು. ಇಂದು ಈ ವೃತ್ತಿಗೆ ಬರುವವರು ತಮ್ಮ ಇಚ್ಛೆಯಿಂದ ಬರುತ್ತಾರೆ. ಆದರೂ ಕ್ಯೋಟೊದಲ್ಲಿ ಹದಿನೈದರ ಆಸುಪಾಸಿನಲ್ಲಿ ಸೇರುವ ಮೈಕೊಗಳ ವಯಸ್ಸು, ದುಡಿಮೆಯ ವೇಳೆ, ಅವರಿಗಿರುವ ಹಕ್ಕುಗಳ ಕುರಿತು ಜಪಾನಿನಲ್ಲೇ ಇತ್ತೀಚೆಗೆ ಪ್ರಶ್ನೆಗಳು ಎದ್ದಿವೆ, ಏಳಬೇಕಾದವೇ.

ಇನ್ನು ನೃತ್ಯ. ಜಪಾನಿ ಭಾಷೆಯಲ್ಲಿ ನೃತ್ಯಕ್ಕೆ ಎರಡು ಹಳೆಯ ಪದಗಳಿವೆ. ‘ಮಾಯ್’ ಎಂಬುದು ಪಾದ ನೆಲ ಬಿಡದಂತೆ ಜಾರುತ್ತ, ಸುತ್ತುತ್ತ ಮಾಡುವ ಸಂಯಮದ ಚಲನೆ. ‘ಒದೊರಿ’ ಎಂಬುದು ಪಾದ ಎತ್ತುವ, ಲಯಕ್ಕೆ ಹೆಚ್ಚು ಚುರುಕಾಗಿ ಸ್ಪಂದಿಸುವ ಚಲನೆ. ಕ್ಯೋಟೊದ ಗಿಯೊನ್ ಕೊಬು ಕೇರಿಯ ಇನೋಉಯೆ ಪರಂಪರೆ ಮೊದಲನೆಯದಕ್ಕೆ ಹೆಸರಾಗಿದೆ. ಅದರ ಮುಖ್ಯಸ್ಥೆ ಐದನೆಯ ಇನೋಉಯೆ ಯಚಿಯೊ ಅವರಿಗೆ 2015ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಮಾನ್ಯತೆ ದೊರೆಯಿತು. ಕೋಣೆಯೊಳಗಿನ ನೃತ್ಯಕ್ಕೆ ಒಂದು ತತಾಮಿಯಷ್ಟು ಜಾಗ ಸಾಕಾಗಬೇಕು, ಧೂಳೇಳಬಾರದು, ಪಕ್ಕದಲ್ಲಿ ಉರಿಯುವ ಮೇಣದಬತ್ತಿ ಅಲುಗಬಾರದು ಎಂಬ ಮಿತಿಗಳಲ್ಲಿ ಬೆಳೆದ ಶೈಲಿ ಇದು. ಮೊಣಕಾಲು ತುಸು ಬಾಗಿ, ಸೊಂಟದ ಭಾರ ಕೆಳಗಿಳಿದು, ಪಾದದ ಬೆರಳುಗಳು ಒಳಮುಖವಾಗಿರುತ್ತವೆ. ನಮ್ಮ ಭರತನಾಟ್ಯದ ಅರೆಮಂಡಿ ಹೊರಕ್ಕೆ ತೆರೆದುಕೊಂಡರೆ ಇದು ಒಳಕ್ಕೆ ಮಡಿಚಿಕೊಳ್ಳುತ್ತದೆ.

ನೋಡುವವರು ಬೀಸಣಿಗೆಯ ಮೇಲೆ ಕಣ್ಣಿಟ್ಟರೆ ಅರ್ಧ ಕಥೆ ತಿಳಿಯುತ್ತದೆ. ಮಡಿಚಿದ ಬೀಸಣಿಗೆ ಬರೆಯುವ ಕುಂಚವಾಗುತ್ತದೆ, ಸಾಕೆ ಎಂಬ ಅಕ್ಕಿಯ ಮದ್ಯ ಸುರಿಯುವ ಕುಡಿಕೆಯಾಗುತ್ತದೆ. ಬಿಚ್ಚಿದರೆ ಓದುವ ಪತ್ರ, ಮೇಲೆತ್ತಿದರೆ ಚಂದ್ರ, ನಡುಗಿಸುತ್ತ ಇಳಿಸಿದರೆ ಉದುರುವ ಹೂವು ಅಥವಾ ಹಿಮ. ಮುಖ ಮಾತ್ರ ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ಅಭಿನಯವೆಂದರೆ ಕಣ್ಣು ಹುಬ್ಬುಗಳ ಆಟವೆಂದು ಕಲಿತ ನಮಗೆ ಇದು ಮೊದಲಿಗೆ ಬರಿದಾಗಿ ಕಾಣಬಹುದು. ಭಾವ ಇರುವುದು ಕೊರಳಿನ ಓರೆಯಲ್ಲಿ, ಉಡುಪಿನ ತೋಳಿನ ಅಂಚನ್ನು ಹಿಡಿಯುವ ಬೆರಳಲ್ಲಿ, ಚಲನೆಯ ನಡುವೆ ಬರುವ ನಿಲುಗಡೆಯಲ್ಲಿ. ಬಹುತೇಕ ಹಾಡುಗಳು ಋತು ಮತ್ತು ವಿರಹಗಳನ್ನು ಕುರಿತವು. ವಸಂತದ ಹಾಡನ್ನು ಶರತ್ಕಾಲದಲ್ಲಿ ಕುಣಿಯುವುದಿಲ್ಲ, ಕಿಮೊನೊದ ಚಿತ್ತಾರ ಮತ್ತು ಮುಡಿಯ ಆಭರಣ ಸಹ ತಿಂಗಳಿಗೆ ತಕ್ಕಂತೆ ಬದಲಾಗುತ್ತವೆ.

ಕುಣಿಯುವವಳಿಗೆ ತಾಚಿಕಾತಾ, ಹಾಡಿ ನುಡಿಸುವವಳಿಗೆ ಜಿಕಾತಾ ಎನ್ನುತ್ತಾರೆ. ಜಿಕಾತಾ ಸಾಮಾನ್ಯವಾಗಿ ಹಿರಿಯಳು, ಮತ್ತು ನೃತ್ಯ ಕೆಡುವುದೂ ಉಳಿಯುವುದೂ ಅವಳ ಕೈಯಲ್ಲೇ ಎಂದರೆ ಅತಿಶಯವಲ್ಲ. ಅವಳ ವಾದ್ಯ ಶಾಮಿಸೆನ್: ಮೂರು ತಂತಿ, ಉದ್ದನೆಯ ಕಾಂಡ, ಚರ್ಮ ಬಿಗಿದ ಚೌಕಾಕಾರದ ಒಡಲು, ಬಾಚಿ ಎಂಬ ಅಗಲವಾದ ಮೀಟುಗೋಲು ತಂತಿಗೂ ಚರ್ಮಕ್ಕೂ ಒಟ್ಟಿಗೆ ತಾಗುವುದರಿಂದ ಸ್ವರದ ಜೊತೆಗೇ ತಾಳವೂ ಹುಟ್ಟುತ್ತದೆ. ದಪ್ಪ ತಂತಿ ಮಿಡಿದಾಗ ಒಂದು ಝೇಂಕಾರ ಕೇಳುತ್ತದೆ. ‘ಸಾವಾರಿ’ ಎಂಬ ಆ ಗುಣವನ್ನು ಬೇಕೆಂದೇ ತರುತ್ತಾರೆ. ತಂಬೂರಿಯ ತಂತಿಯಡಿ ನೂಲಿನ ಜೀವಾಳ ಇಟ್ಟು ನಾದಕ್ಕೆ ಜೀವ ತರುವ ಕ್ರಮವನ್ನು ಬಲ್ಲ ಕಿವಿಗೆ ಅದು ಪರಕೀಯವೆನಿಸದು.

ಕನಜಾವಾದ ಕೋಣೆಯಲ್ಲಿ ಮಾತ್ರ ಸಿಗುವ ಇನ್ನೊಂದು ಸೊಗಸು ಒಝಾಶಿಕಿ ದೈಕೊ, ಅಂದರೆ ಕೋಣೆಯ ನಗಾರಿ. ಒಂದು ದೊಡ್ಡ, ಒಂದು ಚಿಕ್ಕ ಮದ್ದಳೆಯಂಥ ವಾದ್ಯಗಳನ್ನು ಮುಂದಿಟ್ಟುಕೊಂಡು ಗೇಗಿ ಶಾಮಿಸೆನ್ನಿನ ಗತಿಗೆ ಬಾರಿಸುತ್ತಾಳೆ, ಆಮೇಲೆ ಅತಿಥಿಯನ್ನೂ ಕರೆದು ಕೋಲು ಕೈಗಿಡುತ್ತಾಳೆ. ಇದರ ನಂತರ ಆಟಗಳು. ಒಂದು ಆಟದಲ್ಲಿ ಇಬ್ಬರು ಚಿಕ್ಕ ಮೇಜಿನ ಆಚೀಚೆ ಕುಳಿತು ಹಾಡಿನ ಲಯಕ್ಕೆ ಸರದಿಯಂತೆ ಮಧ್ಯದ ಬಟ್ಟಲಿನ ಮೇಲೆ ಅಂಗೈ ಇಡುತ್ತಾರೆ. ಎದುರಾಳಿ ಬಟ್ಟಲನ್ನು ಎತ್ತಿಕೊಂಡಿದ್ದರೆ ಅಂಗೈಯ ಬದಲು ಮುಷ್ಟಿ ಇಡಬೇಕು. ಹಾಡು ಬಿರುಸಾಗುತ್ತ ಹೋಗುತ್ತದೆ, ತಪ್ಪಿದವರು ಒಂದು ಗುಟುಕು ಕುಡಿಯಬೇಕು. ಭಾಷೆ ಬಾರದವನೂ ಈ ಆಟದಲ್ಲಿ ಹೊರಗಿನವನಾಗಿ ಉಳಿಯುವುದಿಲ್ಲ.

ಶಿಫಾರಸು ಮಾಡಲು ಯಾರೂ ಇಲ್ಲದ ಪ್ರವಾಸಿಗ ಇದನ್ನೆಲ್ಲ ನೋಡುವುದು ಹೇಗೆ? ಮೂವತ್ತು ವರ್ಷಗಳ ಹಿಂದಿಗಿಂತ ಈಗ ದಾರಿಗಳು ಹೆಚ್ಚಾಗಿವೆ. ಕೈಕಾರೊದಂಥ ಮನೆಗಳು ನಿಗದಿತ ದಿನಗಳ ಸಂಜೆ, ಮುಂಗಡ ಟಿಕೆಟ್ ಪಡೆದ ಹೊರಗಿನವರಿಗಾಗಿ ವಿವರಣೆ ಸಹಿತ ನೃತ್ಯ, ನಗಾರಿ, ಆಟಗಳ ಕಾರ್ಯಕ್ರಮ ನಡೆಸುತ್ತವೆ. ಸೆಪ್ಟೆಂಬರಿನಲ್ಲಿ ಮೂರೂ ಕೇರಿಗಳ ಗೇಗಿಯರು ಒಟ್ಟಾಗಿ ‘ಕನಜಾವಾ ಒದೊರಿ’ ಎಂಬ ರಂಗಪ್ರದರ್ಶನ ಕೊಡುತ್ತಾರೆ. ಕ್ಯೋಟೊದಲ್ಲಿ ಏಪ್ರಿಲ್ ತಿಂಗಳು ನಡೆಯುವ ‘ಮಿಯಾಕೊ ಒದೊರಿ’ ಇವೆಲ್ಲಕ್ಕೂ ಹಿರಿಯದು. ರಾಜಧಾನಿ ಟೋಕಿಯೊಗೆ ಹೋದ ಮೇಲೆ ಮಂಕಾಗಿದ್ದ ಕ್ಯೋಟೊವನ್ನು ಮತ್ತೆ ಎಬ್ಬಿಸಲು ಏರ್ಪಡಿಸಿದ ವಸ್ತುಪ್ರದರ್ಶನದ ಭಾಗವಾಗಿ 1872ರಲ್ಲಿ ಅದು ಹುಟ್ಟಿತು, ಮತ್ತು ಮುಚ್ಚಿದ ಕೋಣೆಯ ಕಲೆಯನ್ನು ಮೊದಲ ಸಲ ಸಾರ್ವಜನಿಕ ರಂಗಕ್ಕೆ ಸಾಲುನೃತ್ಯವಾಗಿ ತಂದಿತು. ರಂಗದ ಮೇಲೆ ವೈಭವ ಹೆಚ್ಚು, ಬಣ್ಣ ಹೆಚ್ಚು. ಆದರೆ ಬೆರಳಿನ ಚಲನೆ ಹಿಂದಿನ ಸಾಲಿಗೆ ಕಾಣುವುದಿಲ್ಲ. ಎರಡರಲ್ಲಿ ಒಂದನ್ನೇ ನೋಡುವ ಅವಕಾಶವಿದ್ದರೆ ಚಿಕ್ಕ ಕೋಣೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಹೋಗುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಪಾದರಕ್ಷೆ ಕಳಚಬೇಕಾದ್ದರಿಂದ ಶುಭ್ರವಾದ ಕಾಲುಚೀಲ ಬೇಕು. ತತಾಮಿ ಮತ್ತು ಮಣ್ಣಿನ ಗೋಡೆ ಎರಡೂ ಬೇಗ ಗಾಯಗೊಳ್ಳುವ ವಸ್ತುಗಳು. ಹೆಗಲ ಚೀಲವನ್ನು ಕೈಯಲ್ಲಿ ಮುಂದಕ್ಕೆ ಹಿಡಿದು ನಡೆಯಬೇಕು, ಗೋಡೆಗೆ ಒರಗಬಾರದು. ಛಾಯಾಚಿತ್ರದ ನಿಯಮ ಮನೆಯಿಂದ ಮನೆಗೆ ಬೇರೆಯಾಗಿರುವುದರಿಂದ ಕೇಳಿಯೇ ತೆಗೆಯಬೇಕು. ಬೀದಿಯಲ್ಲಿ ಕೆಲಸಕ್ಕೆ ಹೊರಟ ಕಲಾವಿದೆಯನ್ನು ಹಿಂಬಾಲಿಸುವುದು, ಅಡ್ಡಗಟ್ಟುವುದು, ತೋಳು ಮುಟ್ಟುವುದು ಅಪರಾಧಕ್ಕೆ ಸಮಾನವಾದ ಅಸಭ್ಯತೆ. ಕ್ಯೋಟೊದ ಗಿಯೊನ್‌ನಲ್ಲಿ ಇಂಥ ವರ್ತನೆ ಮಿತಿಮೀರಿದ್ದರಿಂದಲೇ 2024ರಲ್ಲಿ ಅಲ್ಲಿನ ನಿವಾಸಿಗಳು ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನು ನಿಷೇಧಿಸಿ, ಮೀರಿದವರಿಗೆ 10,000 ಯೆನ್ ದಂಡವೆಂದು ಫಲಕ ಹಾಕಿದರು.

2015ರಲ್ಲಿ ಶಿಂಕಾನ್‌ಸೆನ್ ರೈಲು ಬಂದ ಮೇಲೆ ಟೋಕಿಯೊದಿಂದ ಕನಜಾವಾಕ್ಕೆ ಎರಡೂವರೆ ಗಂಟೆಯ ದಾರಿ. ಅನೇಕರು ಬೆಳಗ್ಗೆ ಬಂದು ಸಂಜೆ ಮರಳುತ್ತಾರೆ. ಸಾಧ್ಯವಿದ್ದರೆ ಒಂದು ರಾತ್ರಿ ಉಳಿಯಿರಿ. ಹಗಲಲ್ಲಿ ಶಿಮಾದ ಮೇಲಂತಸ್ತಿಗೆ ಹೋಗಿ, ತೊಕೊನೊಮಾದ ಕಡೆಯಿಂದ ಎದುರಿನ ಕಾಯುವ ಕೋಣೆಯನ್ನು ಒಮ್ಮೆ ನೋಡಿ, ಎಷ್ಟು ಚಿಕ್ಕದು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. ಸಂಜೆ ಬೇರೊಂದು ಮನೆಯಲ್ಲಿ ಫುಸುಮಾ ಸರಿದಾಗ, ಆ ಚಿಕ್ಕ ಜಾಗದಲ್ಲಿ ಒಂದು ಬೀಸಣಿಗೆ ಬಿಚ್ಚಿಕೊಳ್ಳುವುದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.